ಸೀಮೆಎಣ್ಣೆ ಡಬ್ಬದ ಸೊಪ್ಪು

ಅರಸರ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಕೋಟೆ ಕೊತ್ತಲಗಳ ಚರಿತ್ರೆಯೂ ನಮಗೆ ದೊರೆಯುತ್ತದೆ. ಆದರೆ ಹಿತ್ತಲಲ್ಲಿ ತುಕ್ಕು ಹಿಡಿದು ಕುಳಿತ ಖಾಲಿ ಡಬ್ಬಕ್ಕೂ ಒಂದು ಚರಿತ್ರೆಯಿದೆ ಎಂದರೆ ನಗುವವರೇ ಹೆಚ್ಚು. ಕೆಟ್ಟ ಸಿನಿಮಾವನ್ನು ನಮ್ಮ ಹುಡುಗರು ‘ಡಬ್ಬ’ ಎಂದು ಕರೆದು ಆ ಶಬ್ದದ ಮಾನವನ್ನೇ ಕಳೆದುಬಿಟ್ಟಿದ್ದಾರೆ. ಡಬ್ಬದ ಅನ್ನ ತಿಂದು ಬೆಳೆದವನಾದ ನಾನು ಅದರ ಪರವಾಗಿ ನಾಲ್ಕು ಮಾತು ಹೇಳದಿದ್ದರೆ ಕೃತಘ್ನನಾಗುತ್ತೇನೆ. ಅನ್ನವೆಂದರೆ ಅನ್ನವಲ್ಲ, ಸೊಪ್ಪು. ಆದರೆ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಸೊಪ್ಪಿಗೂ ಅನ್ನಕ್ಕೂ ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ.

ಅದು ೧೯೬೫ನೆಯ ಇಸವಿ. ಬೆಂಗಳೂರಿನ ಒಂದು ವಠಾರದಲ್ಲಿ ನಾವಿದ್ದೆವು. ಆರು ಮನೆ, ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಅಂಗಳಕ್ಕೆಲ್ಲ ಕಲ್ಲುಚಪ್ಪಡಿ ಹಾಸಿದ್ದುದರಿಂದ ಒಂದು ಹಿಡಿ ಮಣ್ಣೂ ಕಾಣುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ. ಗಡಿಯಲ್ಲಿ ಪಾಕಿಸ್ತಾನದೊಡನೆ ಯುದ್ಧ. ರೇಷನ್ ಅಂಗಡಿಯ ಮುಂದೆ ಸಾಲು. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಸೋಮವಾರ ಸಂಜೆ ಅನೇಕ ಹೋಟೆಲುಗಳು ಬಾಗಿಲು ಮುಚ್ಚಿದವು. ಮನೆಯ ಸುತ್ತಲಿನ ಜಾಗದಲ್ಲಿ ತರಕಾರಿ ಬೆಳೆಯಿರೆಂದೂ ಅವರು ಹೇಳಿ, ದೆಹಲಿಯ ತಮ್ಮ ಬಂಗಲೆಯ ಹುಲ್ಲುಹಾಸನ್ನೇ ಉತ್ತು ಮೇಲ್ಪಂಕ್ತಿ ಹಾಕಿಕೊಟ್ಟರು. ಈ ಸುದ್ದಿಯನ್ನು ನಮ್ಮ ತಂದೆಯವರು ಪತ್ರಿಕೆಯಿಂದ ಓದಿ ಹೇಳಿದಾಗ ಅಮ್ಮ, “ಅವರಿಗೆ ಹುಲ್ಲುಹಾಸು ಇದೆ, ಉತ್ತರು. ನಾನು ಏನನ್ನು ಉಳಲಿ? ಚಪ್ಪಡಿಯನ್ನೇ?” ಎಂದಳು.

ಅದೇ ವರ್ಷ ನನ್ನ ತಂಗಿಗೆ ಕಾಮಾಲೆಯಾಗಿ, ವಾಸಿಯಾದ ಮೇಲೂ ಮಗು ಬಿಳಿಚಿಕೊಂಡೇ ಇತ್ತು. ಡಾಕ್ಟರು ಟಾನಿಕ್ಕಿನ ಹೆಸರು ಬರೆದುಕೊಟ್ಟು, ಅದು ಕೊಳ್ಳಲಾಗದಿದ್ದರೆ ದಿನಾ ಸೊಪ್ಪು ಕೊಡಿರೆಂದರು. ಅಮ್ಮ ಮರುದಿನವೇ ಅಟ್ಟದಿಂದ ನಾಲ್ಕು ಸೀಮೆಎಣ್ಣೆ ಡಬ್ಬಗಳನ್ನು ಇಳಿಸಿದಳು. ಅವು ಅಜ್ಜಿಯ ಮನೆಯಿಂದ ಬಂದವು. ತಗಡಿನ ಮೇಲೆ ಬರ್ಮಾ-ಷೆಲ್ ಕಂಪನಿಯ ಹೆಸರು ಉಬ್ಬಕ್ಷರಗಳಲ್ಲಿತ್ತು. ಹಿಂದಿನ ಯುದ್ಧಕಾಲದಲ್ಲಿ ಅಜ್ಜಿ ಅವುಗಳಲ್ಲಿ ಮೆಣಸಿನಗಿಡ ಬೆಳೆದಿದ್ದಳಂತೆ. ಈ ಡಬ್ಬಗಳು ಎಲ್ಲಿಂದ ಬಂದವು, ಯಾರು ಮಾಡಿದರು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಎಪ್ಪತ್ತು ದಾಟಿದ ಮೇಲೆ ಹೊಳೆದಿದೆ. ವಿರಾಮ ಸಿಕ್ಕಾಗ ಓದಿ ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಡಬ್ಬದ ಹುಟ್ಟು. ಅದು ಹುಟ್ಟಿದ್ದು ಸೈನ್ಯದ ಹೊಟ್ಟೆಗಾಗಿ. ನೆಪೋಲಿಯನ್ನನ ಕಾಲದ ಫ್ರಾನ್ಸಿನಲ್ಲಿ ನಿಕೊಲಾ ಅಪೇರ್ ಎಂಬ ಮಿಠಾಯಿಗಾರನು ಆಹಾರವನ್ನು ಗಾಜಿನ ಶೀಸೆಯಲ್ಲಿ ತುಂಬಿ, ಬಿರಡೆ ಬಿಗಿದು, ಕುದಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲವೆಂದು ತೋರಿಸಿ ಸರಕಾರದಿಂದ ೧೨,೦೦೦ ಫ್ರಾಂಕುಗಳ ಬಹುಮಾನ ಪಡೆದ. ೧೮೧೦ರಲ್ಲಿ ಲಂಡನ್ನಿನ ಪೀಟರ್ ಡ್ಯುರಾಂಡ್ ಗಾಜಿನ ಬದಲು ತಗಡನ್ನು ಬಳಸುವ ಹಕ್ಕುಪತ್ರ ಪಡೆದ. ೧೮೧೩ರ ಹೊತ್ತಿಗೆ ಬ್ರಯಾನ್ ಡಾಂಕಿನ್ನನ ಕಾರ್ಖಾನೆಯಿಂದ ಡಬ್ಬದ ಮಾಂಸ ಇಂಗ್ಲಿಷ್ ಸೈನ್ಯಕ್ಕೂ ನೌಕಾಪಡೆಗೂ ಹೋಗತೊಡಗಿತು. ಸ್ವಾರಸ್ಯವೇನೆಂದರೆ ಡಬ್ಬ ತೆರೆಯುವ ಸಾಧನ ಹುಟ್ಟಿದ್ದು ೧೮೫೦ರ ದಶಕದಲ್ಲಿ. ಅಲ್ಲಿಯವರೆಗೆ ಉಳಿ ಸುತ್ತಿಗೆಯೇ ಗತಿ!

ತಗಡು ಎಂದೆನಷ್ಟೆ, ಅದು ಬರಿಯ ಕಬ್ಬಿಣದ ತಗಡಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಯಾವ ತವರವನ್ನು ಸವರುತ್ತಿದ್ದನೋ ಅದೇ ತವರವನ್ನು ತೆಳುವಾದ ಕಬ್ಬಿಣದ ತಗಡಿಗೆ ಲೇಪಿಸಿದರೆ ಡಬ್ಬದ ತಗಡಾಯಿತು. ಎಂದರೆ ಡಬ್ಬವೆಂಬುದು ಕಲಾಯಿ ಹಾಕಿದ ಕಬ್ಬಿಣ. ಕಲಾಯಿ ಹರಿಯದೆ ಇರುವವರೆಗೆ ಒಳಗಿನ ಕಬ್ಬಿಣ ಕ್ಷೇಮ. ಎಲ್ಲಿ ಒಂದು ಗೀರು ಬಿತ್ತೋ ಅಲ್ಲಿ ತುಕ್ಕು ನುಗ್ಗುತ್ತದೆ, ಬರಿ ಕಬ್ಬಿಣಕ್ಕಿಂತ ವೇಗವಾಗಿಯೇ ನುಗ್ಗುತ್ತದೆ. ಹಿತ್ತಲಲ್ಲಿ ಡಬ್ಬದ ಆಯುಸ್ಸು ನಾಲ್ಕಾರು ವರ್ಷಕ್ಕೆ ಮುಗಿಯುವುದೇಕೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ದೇಶದ ಹಳ್ಳಿಹಳ್ಳಿಗೆ ಡಬ್ಬವನ್ನು ತಂದದ್ದು ಮಾಂಸವೂ ಅಲ್ಲ, ಹಣ್ಣೂ ಅಲ್ಲ, ಸೀಮೆಎಣ್ಣೆ. ಪರದೇಶದಿಂದ ಬಂದದ್ದಕ್ಕೆಲ್ಲ ನಮ್ಮವರು ‘ಸೀಮೆ’ ಎಂಬ ಒಂದೇ ಮುದ್ರೆ ಒತ್ತಿಬಿಡುತ್ತಿದ್ದರು: ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಸೀಮೆಎಣ್ಣೆ. ೧೮೫೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಎಣ್ಣೆಬಾವಿ ತೋಡಿದ ಮೇಲೆ ಈ ಎಣ್ಣೆ ಕಡಲು ದಾಟಿ ಪ್ರಪಂಚಕ್ಕೆಲ್ಲ ಹೊರಟಿತು. ಹಡಗಿನಲ್ಲಿ ಸಾಗಿಸಲು ಚೌಕಾಕಾರದ ತಗಡಿನ ಡಬ್ಬ; ಎರಡೆರಡು ಡಬ್ಬಕ್ಕೆ ಒಂದು ಮರದ ಪೆಟ್ಟಿಗೆ. ಡಬ್ಬಕ್ಕೆ ಅಮೆರಿಕದ ಐದು ಗ್ಯಾಲನ್, ಇಂಗ್ಲಿಷರ ಲೆಕ್ಕದಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು. ಸುಮಾರು ಒಂಬತ್ತೂವರೆ ಅಂಗುಲದ ಚೌಕ, ಹದಿನಾಲ್ಕು ಅಂಗುಲದ ಎತ್ತರ. ಹರಳೆಣ್ಣೆ, ಹೊಂಗೆ ಎಣ್ಣೆಗಳ ಹಣತೆಯ ಮುಂದೆ ಬುಡ್ಡಿದೀಪ ಬಂದು ಕುಳಿತದ್ದು ಹೀಗೆ. ದೀಪದ ಹಿಂದೆಯೇ ಡಬ್ಬವೂ ಮನೆಯೊಳಕ್ಕೆ ಬಂತು.

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ಲಂಡನ್ನಿನಲ್ಲಿ ಮಾರ್ಕಸ್ ಸ್ಯಾಮ್ಯುಯೆಲ್ ಎಂಬ ವರ್ತಕನಿದ್ದ. ಅವನ ತಂದೆ ಕಡಲಚಿಪ್ಪಿನ ವ್ಯಾಪಾರಿ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಏಷ್ಯಾಖಂಡಕ್ಕೆ ಡಬ್ಬಗಳಲ್ಲಿ ಎಣ್ಣೆ ಕಳುಹಿಸುತ್ತಿರುವುದನ್ನು ನೋಡಿ ಇವನು ಒಂದು ಉಪಾಯ ಹೂಡಿದ. ಡಬ್ಬ, ಪೆಟ್ಟಿಗೆಗಳ ಖರ್ಚೇಕೆ? ಹಡಗಿನ ಹೊಟ್ಟೆಯನ್ನೇ ಒಂದು ದೊಡ್ಡ ತೊಟ್ಟಿ ಮಾಡಿ, ರಷ್ಯದ ಎಣ್ಣೆಯನ್ನು ಕಪ್ಪು ಸಮುದ್ರದ ಬಟೂಮಿನಿಂದ ತುಂಬಿ, ಸೂಯೆಜ್ ಕಾಲುವೆಯ ಮೂಲಕ ಸಾಗಿಸಿದರೆ ಬೆಲೆಯಲ್ಲಿ ಅಮೆರಿಕನರನ್ನು ಸೋಲಿಸಬಹುದು. ೧೮೯೨ರ ಆಗಸ್ಟಿನಲ್ಲಿ ಅವನ ‘ಮ್ಯೂರೆಕ್ಸ್’ ಎಂಬ ಹಡಗು ಕಾಲುವೆಯನ್ನು ದಾಟಿತು. ಮ್ಯೂರೆಕ್ಸ್ ಎಂದರೂ ಒಂದು ಚಿಪ್ಪಿನ ಹೆಸರೇ. ಮುಂದೆ ೧೮೯೭ರಲ್ಲಿ ಸ್ಥಾಪಿಸಿದ ಕಂಪನಿಗೂ ಅವನು ಚಿಪ್ಪಿನ ಹೆಸರನ್ನೇ ಇಟ್ಟ: ಷೆಲ್.

ಲೆಕ್ಕವೆಲ್ಲ ಸರಿಯಾಗಿತ್ತು. ತಪ್ಪಿದ್ದು ಒಂದೇ ಕಡೆ. ಎಣ್ಣೆ ಅಗ್ಗವಾಗಿ ಬಂದರೂ ಜನ ಅಷ್ಟಾಗಿ ಮುಗಿಬೀಳಲಿಲ್ಲ. ತಾವೇ ಪಾತ್ರೆ ತಂದು ಎಣ್ಣೆ ತುಂಬಿಸಿಕೊಳ್ಳುತ್ತಾರೆಂದು ಸ್ಯಾಮ್ಯುಯೆಲ್ ಎಣಿಸಿದ್ದ. ಜನಕ್ಕೆ ಬೇಕಾದದ್ದು ಎಣ್ಣೆಯಷ್ಟೇ ಅಲ್ಲ, ಡಬ್ಬವೂ ಬೇಕಾಗಿತ್ತು! ಸ್ಟ್ಯಾಂಡರ್ಡ್ ಕಂಪನಿಯ ನೀಲಿ ಡಬ್ಬದಿಂದ ಪೂರ್ವದೇಶಗಳ ಜನರು ಮನೆಗೆ ಸೂರು ಮಾಡಿಕೊಂಡಿದ್ದರು. ಹಕ್ಕಿಯ ಪಂಜರ, ಅಗ್ಗಿಷ್ಟಿಕೆ, ಚಹ ಸೋಸುವ ಜಾಲರಿ, ಇನ್ನೂ ಏನೇನೋ ಮಾಡಿಕೊಂಡಿದ್ದರು. ಸ್ಯಾಮ್ಯುಯೆಲ್ ಒಂದು ಹಡಗಿನ ತುಂಬ ತಗಡನ್ನು ಪೂರ್ವಕ್ಕೆ ಕಳುಹಿಸಿ, ಅಲ್ಲಲ್ಲಿಯೇ ಡಬ್ಬ ಮಾಡಿ ತುಂಬಿ ಮಾರುವಂತೆ ತನ್ನ ಪಾಲುದಾರರಿಗೆ ತಿಳಿಸಬೇಕಾಯಿತು. ಅವನ ಡಬ್ಬಕ್ಕೆ ಕೆಂಪು ಬಣ್ಣ. ದೂರದಿಂದ ಬರುವಷ್ಟರಲ್ಲಿ ತುಕ್ಕು ಹಿಡಿಯುತ್ತಿದ್ದ ನೀಲಿ ಡಬ್ಬಕ್ಕಿಂತ, ಬಂದರಿನಲ್ಲೇ ತಯಾರಾದ ಹೊಸ ಕೆಂಪು ಡಬ್ಬ ಜನಕ್ಕೆ ಹೆಚ್ಚು ಮೆಚ್ಚಾಯಿತು.

ನನಗೆ ಈ ಪ್ರಸಂಗ ಬಹಳ ದೊಡ್ಡದೆನಿಸುತ್ತದೆ. ಪ್ರಪಂಚದ ಎರಡು ಬಲಿಷ್ಠ ಕಂಪನಿಗಳು ಎಣ್ಣೆಯ ಯುದ್ಧದಲ್ಲಿ ತೊಡಗಿದ್ದಾಗ ಅದರ ಲೆಕ್ಕಾಚಾರವನ್ನು ತಿದ್ದಿದವರು ಹೆಸರಿಲ್ಲದ ಗೃಹಿಣಿಯರು, ಬಡಗಿಗಳು, ತೋಟಗಾರರು. ಮಾರುವವನಿಗೆ ಡಬ್ಬವು ವ್ಯರ್ಥ ಖರ್ಚು. ಕೊಳ್ಳುವವಳಿಗೆ ಅದೇ ಲಾಭ. ಎಣ್ಣೆ ಉರಿದು ಹೋಗುತ್ತದೆ, ಡಬ್ಬ ಉಳಿಯುತ್ತದೆ. ಬಡವರ ಮನೆಯಲ್ಲಿ ಉಳಿಯುವ ವಸ್ತುವಿಗೇ ಬೆಲೆ.

ನಮ್ಮಲ್ಲಿಯೂ ಹಾಗೆಯೇ ಆಯಿತು. ಡಬ್ಬದ ಬಾಯಿ ಕತ್ತರಿಸಿ, ಅಡ್ಡಕ್ಕೆ ಮರದ ಹಿಡಿ ಹೊಡೆದರೆ ನೀರು ಹೊರುವ ಕೊಡವಾಯಿತು. ಹೆಗಲ ಮೇಲೆ ಅಡ್ಡೆ ಇಟ್ಟು ಎರಡು ಬದಿಗೆ ಎರಡು ಡಬ್ಬ ತೂಗುಹಾಕಿಕೊಂಡು ಗಿಡಕ್ಕೆ ನೀರು ಹೊಯ್ಯುವ ಮಾಲಿಯನ್ನು ಹಿಂದಿನ ಬೆಂಗಳೂರಿನ ಯಾವ ತೋಟದಲ್ಲಾದರೂ ಕಾಣಬಹುದಾಗಿತ್ತು. ತಳಕ್ಕೆ ತೂತು ಹೊಡೆದರೆ ಗಿಡದ ಕುಂಡ. ಬಿಡಿಸಿ ಚಪ್ಪಟೆ ಮಾಡಿದರೆ ಗುಡಿಸಲಿನ ಗೋಡೆ. ಅಕ್ಕಿ, ರಾಗಿಹಿಟ್ಟು, ಹಪ್ಪಳಗಳ ಭಂಡಾರವಂತೂ ಅದೇ. ಬೇಡಿಕೆ ಎಷ್ಟಿತ್ತೆಂದರೆ, ಸೀಮೆಎಣ್ಣೆ ಡಬ್ಬದ ತಗಡಿಗಾಗಿಯೇ ಜಮ್‌ಶೇಡ್‌ಪುರದ ಗೋಲ್ಮುರಿಯಲ್ಲಿ ಬರ್ಮಾ ಆಯಿಲ್ ಮತ್ತು ಟಾಟಾ ಕಂಪನಿಗಳು ಕೂಡಿ ೧೯೨೦ರಲ್ಲಿ ಟಿನ್‌ಪ್ಲೇಟ್ ಕಂಪನಿಯನ್ನು ಸ್ಥಾಪಿಸಿದವು. ಶತಮಾನ ಕಳೆದ ಮೇಲೆ, ೨೦೨೪ರಲ್ಲಿ, ಆ ಕಂಪನಿ ಟಾಟಾ ಸ್ಟೀಲಿನಲ್ಲಿ ವಿಲೀನವಾಯಿತು.

೧೯೪೨ರ ಮೊದಲ ತಿಂಗಳುಗಳಲ್ಲಿ ಈ ಕಥೆ ಒಂದು ತಿರುವು ಪಡೆಯಿತು. ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಯಿತು, ಮಾರ್ಚಿಯಲ್ಲಿ ರಂಗೂನು. ಮಲಯದೊಡನೆ ತವರದ ಗಣಿಗಳು ಹೋದವು. ಬರ್ಮಾದೊಡನೆ ಸೀಮೆಎಣ್ಣೆ ಹೋಯಿತು, ಅಕ್ಕಿಯೂ ಹೋಯಿತು. ಒಂದೇ ಋತುವಿನಲ್ಲಿ ದೀಪ, ಡಬ್ಬ, ಅನ್ನ ಮೂರಕ್ಕೂ ಸಂಚಕಾರ. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಚಳವಳಿ ನಮ್ಮಲ್ಲಿ ಹುಟ್ಟಿದ್ದು ಆಗಲೇ. ಅತ್ತ ಇಂಗ್ಲೆಂಡಿನಲ್ಲಿ ಗೆಲುವಿಗಾಗಿ ನೆಲ ಅಗೆಯಿರೆಂಬ ಕರೆ ಮೊದಲೇ ಎದ್ದಿತ್ತು. ಅಮೆರಿಕದಲ್ಲಿ ೧೯೪೩ರ ಮಾರ್ಚಿಯಿಂದ ಡಬ್ಬದ ಆಹಾರಕ್ಕೂ ರೇಷನ್ ಬಂದು, ಸುಮಾರು ಎರಡು ಕೋಟಿ ಮನೆಗಳಲ್ಲಿ ‘ವಿಜಯದ ತೋಟ’ಗಳು ಎದ್ದವು. ಆ ವರ್ಷ ಅಲ್ಲಿ ಬೆಳೆದ ಹಸಿ ತರಕಾರಿಯಲ್ಲಿ ನೂರಕ್ಕೆ ನಲವತ್ತರಷ್ಟು ಈ ಮನೆತೋಟಗಳಿಂದಲೇ ಬಂತೆಂದು ಅಂದಾಜು. ಅಲ್ಲಿಯವರು ಖಾಲಿ ಡಬ್ಬಗಳನ್ನು ತೊಳೆದು, ಚಪ್ಪಟೆ ಮಾಡಿ, ತವರಕ್ಕಾಗಿ ಸರಕಾರಕ್ಕೆ ಒಪ್ಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯದ ಸಸಿ ವ್ಯಾಪಾರಿಗಳು ಹೋಟೆಲು ಬೇಕರಿಗಳ ಖಾಲಿ ಡಬ್ಬಗಳಲ್ಲಿಯೇ ಗಿಡ ಬೆಳೆಸಿ ಮಾರಿದರು. ಅಲ್ಲಿನ ಪ್ಲಾಸ್ಟಿಕ್ ಕುಂಡಗಳನ್ನು ಇಂದಿಗೂ ‘ಒಂದು ಗ್ಯಾಲನ್’, ‘ಐದು ಗ್ಯಾಲನ್’ ಎಂದು ಕರೆಯುವುದು ಆ ಡಬ್ಬಗಳ ನೆನಪಿನಿಂದ.

ಇಂಥ ಕಾಲದಲ್ಲಿ ಅಜ್ಜಿ ಕಾಪಾಡಿಟ್ಟ ನಾಲ್ಕು ಡಬ್ಬಗಳನ್ನೇ ಅಮ್ಮ ೧೯೬೫ರಲ್ಲಿ ಅಟ್ಟದಿಂದ ಇಳಿಸಿದ್ದು. ಅವುಗಳ ಜೊತೆಗೆ ನೆರೆಮನೆಗಳಿಂದ ಬೇಡಿ ತಂದ ಡಾಲ್ಡಾ ಡಬ್ಬಗಳು ಏಳೋ ಎಂಟೋ ಸೇರಿದವು. ೧೯೩೭ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ, ತಾಳೆಮರದ ಚಿತ್ರವಿದ್ದ ತನ್ನ ಹಳದಿ ಡಬ್ಬದಿಂದ, ತುಪ್ಪದ ಅಭಿಮಾನಿಗಳು ಎಷ್ಟು ಬೈದರೂ, ನಮ್ಮ ನಗರಗಳ ತುಳಸಿಗೆ ಒಂದು ಮನೆಯನ್ನು ಕೊಟ್ಟಿತೆಂಬುದನ್ನು ಮರೆಯಬಾರದು.

ಅಮ್ಮನ ವಿಧಾನ ಹೀಗಿತ್ತು. ಡಬ್ಬದ ಬಾಯಿ ಕತ್ತರಿಸಿದ ಮೇಲೆ ಅಂಚನ್ನು ಸುತ್ತಿಗೆಯಿಂದ ಒಳಕ್ಕೆ ಮಡಿಸಿ ಬಡಿಯುವಳು. ತುಕ್ಕು ತಗಡು ಕೊಯ್ದರೆ ಧನುರ್ವಾಯು ಎಂದು ಅವಳಿಗೆ ಭಯ. ತಳಕ್ಕೆ ಮೊಳೆಯಿಂದ ಒಂಬತ್ತು ತೂತು. ಅದರ ಮೇಲೆ ಹೆಂಚಿನ ಚೂರು. ಅದರ ಮೇಲೆ ತೆಂಗಿನ ನಾರು. ಆಮೇಲೆ ಕೆಮ್ಮಣ್ಣು, ಮರಳು, ಹಾಲಿನವನ ಕೊಟ್ಟಿಗೆಯ ಹಳೆಯ ಗೊಬ್ಬರ. ಮಣ್ಣನ್ನು ನಾನು ಚೀಲದಲ್ಲಿ ಹೊತ್ತು ತರುತ್ತಿದ್ದೆ. ಅಕ್ಕಿ ತೊಳೆದ ನೀರು, ಕಾಫಿ ಚರಟ ಎಲ್ಲ ಡಬ್ಬಕ್ಕೆ. ಬೇಸಿಗೆಯಲ್ಲಿ ತಗಡು ಕಾದು ಬೇರು ಬೇಯುತ್ತದೆಂದು ಸುತ್ತಲೂ ಒದ್ದೆ ಗೋಣಿ ಸುತ್ತುವಳು. ತಳಕ್ಕೆ ಗಾಳಿಯಾಡಲೆಂದು ಪ್ರತಿ ಡಬ್ಬದ ಕೆಳಗೂ ಎರಡು ಇಟ್ಟಿಗೆ. ದೊಡ್ಡ ಡಬ್ಬದಲ್ಲಿ ಬದನೆ, ಟೊಮೇಟೊ, ಮೆಣಸಿನಕಾಯಿ. ಸಣ್ಣದರಲ್ಲಿ ಕೊತ್ತಂಬರಿ, ಮೆಂತ್ಯ, ದಂಟು, ದೊಡ್ಡಪತ್ರೆ. ಎರಡು ಕಡೆಯೂ ತೆರೆದ ಹಾಲಿನಪುಡಿ ಡಬ್ಬವನ್ನು ಎಳೆಯ ಟೊಮೇಟೊ ಸಸಿಯ ಸುತ್ತ ಕೊಳವೆಯಂತೆ ಊರಿ, ಬುಡ ಕತ್ತರಿಸುವ ಹುಳುವಿನಿಂದ ಅದನ್ನು ಉಳಿಸುತ್ತಿದ್ದಳು. ದಂಟಿನ ಸೊಪ್ಪು ಮೂರು ವಾರಕ್ಕೆ ಕೈಗೆ ಬಂತು. ತಂಗಿಯ ಊಟದ ತಟ್ಟೆಯಲ್ಲಿ ದಿನವೂ ಹಸಿರು ಕಾಣತೊಡಗಿತು.

ಡಬ್ಬಗಳೆಲ್ಲ ಇದ್ದದ್ದು ತಾರಸಿಯ ಮೇಲೆ. ಅದು ಹಳೆಯ ಕಾಲದ ಮದರಾಸು ತಾರಸಿ. ತೇವ ಕುಡಿದರೆ ಮರದ ತೊಲೆ ಲಡ್ಡಾಗುತ್ತದೆ. ಒಂದು ಬೆಳಗ್ಗೆ ವಠಾರದ ಯಜಮಾನರು ಮೇಲೆ ಬಂದು ನೋಡಿದರು.

“ಏನಮ್ಮಾ ಇದು, ಮನೆಯೋ ಗುಜರಿ ಅಂಗಡಿಯೋ? ನೀರಿಳಿದು ತೊಲೆ ಹೋದರೆ ಯಾರು ಹೊಣೆ? ನಾಳೆಯೊಳಗೆ ಎಲ್ಲ ತೆಗೆಸಿಬಿಡಿ.”

“ಬದನೆ ಹೂ ಬಿಟ್ಟಿದೆ, ರಾಯರೇ. ಒಂದು ತಿಂಗಳು ಅವಕಾಶ ಕೊಡಿ. ಮಗುವಿಗೆ ಬೇಕು.”

ತಂದೆಯವರು ಜಗಳವೇಕೆಂದು ತೆಗೆಯುವುದಕ್ಕೇ ಸಿದ್ಧರಾದರು. ಅಮ್ಮ ಬಿಡಲಿಲ್ಲ. ಆ ರಾತ್ರಿಯೇ ನಾವು ಮೂವರೂ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಒಗೆಯುವ ಕಲ್ಲಿನ ಪಕ್ಕದ ಬಚ್ಚಲು ಕಾಲುವೆಯ ಅಂಚಿಗೆ ಸಾಲಾಗಿ ಇಟ್ಟೆವು. ಅಲ್ಲಿ ನೀರು ಹರಿದು ಹೋಗುತ್ತದೆ, ತಾರಸಿಗೆ ಅಪಾಯವಿಲ್ಲ. ಆದರೆ ಬಿಸಿಲು ಅರ್ಧ ಹೊತ್ತು ಮಾತ್ರ. ಟೊಮೇಟೊ ಸೊರಗಿತು, ಸೊಪ್ಪು ಬದುಕಿತು. ಯಜಮಾನರ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಈಗ ಯೋಚಿಸಿದರೆ ಅವರ ಮಾತೂ ಸುಳ್ಳಲ್ಲ: ತಾರಸಿಯ ಗಾರೆಯ ಮೇಲೆ ಡಬ್ಬವಿದ್ದಲ್ಲೆಲ್ಲ ತೇವ ಕುಡಿದ ಕೆಂಪು ಕಲೆ ಬಿದ್ದಿತ್ತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತೆಂದುಕೊಂಡಿದ್ದೆ. ಡಬ್ಬದ ಚರಿತ್ರೆಯನ್ನು ಓದುತ್ತ ಹೋದಾಗ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಹಳೆಯ ಡಬ್ಬಗಳ ಮೈ ಕೂಡಿಸುತ್ತಿದ್ದುದು ಬೆಸುಗೆಯಿಂದ. ಆ ಬೆಸುಗೆಯಲ್ಲಿ ತವರದೊಡನೆ ಇದ್ದದ್ದು ಸೀಸ. ಸೀಸ ವಿಷವಷ್ಟೆ, ಅದರಲ್ಲಿಯೂ ಮಕ್ಕಳ ಮಿದುಳಿಗೂ ರಕ್ತಕ್ಕೂ ಹೆಚ್ಚಿನ ಕೇಡು. ೧೮೪೫ರಲ್ಲಿ ಉತ್ತರಧ್ರುವದ ಕಡೆ ಹೊರಟು ಮರಳಿ ಬಾರದ ಫ್ರಾಂಕ್ಲಿನ್ನನ ತಂಡದ ೧೨೯ ಮಂದಿಯ ಸಾವಿಗೆ ಅವರ ಡಬ್ಬಗಳ ಸೀಸವೂ ಕಾರಣವೆಂದು ಬಹುಕಾಲ ನಂಬಿದ್ದರು. ಈಗ ಅದನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಅಮೆರಿಕದಲ್ಲಿ ಆಹಾರದ ಡಬ್ಬಗಳಿಗೆ ಸೀಸದ ಬೆಸುಗೆ ಹಾಕುವುದು ೧೯೯೧ರಲ್ಲಿ ನಿಂತು, ೧೯೯೫ರಲ್ಲಿ ಕಾನೂನಿನಿಂದಲೇ ನಿಷಿದ್ಧವಾಯಿತು. ಅಷ್ಟು ತಡವಾಗಿ! ಹಾಗಾದರೆ ರಕ್ತ ಸಾಲದ ಮಗುವಿಗೆ ರಕ್ತವಾಗಲಿ ಎಂದು ಅಮ್ಮ ಕೊಟ್ಟ ಸೊಪ್ಪು ಎಂಥ ಮಣ್ಣಿನಲ್ಲಿ ಬೆಳೆದದ್ದು?

ನಾನು ಕೃಷಿಶಾಸ್ತ್ರದ ಪುಸ್ತಕಗಳನ್ನು ತೆರೆದೆ. ಗಿಡಗಳು ಸೀಸವನ್ನು ಸುಲಭವಾಗಿ ಹೀರುವುದಿಲ್ಲ; ಹೀರಿದ್ದರಲ್ಲಿಯೂ ಹೆಚ್ಚಿನದು ಬೇರಿನಲ್ಲಿಯೇ ಉಳಿಯುತ್ತದೆ. ಕಾಯಿಗೆ ಸೇರುವುದು ಬಹಳ ಕಡಮೆ, ಸೊಪ್ಪಿಗೆ ಸ್ವಲ್ಪ ಹೆಚ್ಚು, ಗೆಡ್ಡೆಗೆ ಇನ್ನೂ ಹೆಚ್ಚು. ಸೊಪ್ಪಿಗೆ ಅಂಟಿದ ಮಣ್ಣು ಧೂಳಿನಿಂದಲೇ ಅಪಾಯ ಅಧಿಕ. ಚೆನ್ನಾಗಿ ತೊಳೆದರೆ ಅದು ತಗ್ಗುತ್ತದೆ. ಕೊಳೆತ ಗೊಬ್ಬರ ಹೆಚ್ಚಾಗಿದ್ದ ಮಣ್ಣು ಸೀಸವನ್ನು ಹಿಡಿದಿಟ್ಟು ಗಿಡಕ್ಕೆ ಬಿಡದು. ಅಮ್ಮ ಗೊಬ್ಬರ ಧಾರಾಳವಾಗಿ ಹಾಕುತ್ತಿದ್ದಳು, ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುತ್ತಿದ್ದಳು. ಇಷ್ಟು ತಿಳಿದು ಮನಸ್ಸು ಸ್ವಲ್ಪ ಹಗುರಾಯಿತು. ಸ್ವಲ್ಪವೇ, ಪೂರ್ತಿಯಲ್ಲ.

ತಂಗಿಗೆ ಈ ವಿಷಯ ಹೇಳುವುದೋ ಬೇಡವೋ ಎಂದು ಒಂದು ವಾರ ತೂಗಿ, ಕೊನೆಗೆ ಹೇಳಿದೆ. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ. ಅವಳು ಕಾಫಿ ಲೋಟ ಕೆಳಗಿಟ್ಟು, “ಅಣ್ಣಾ, ಅಮ್ಮನಿಗೆ ಇದು ಗೊತ್ತಿದ್ದರೆ ಮಣ್ಣಿನ ಕುಂಡ ಹುಡುಕುತ್ತಿದ್ದಳು. ಗೊತ್ತಿರಲಿಲ್ಲ. ನಿನಗೆ ಗೊತ್ತಾಗಿದೆಯಲ್ಲ, ನಾಲ್ಕು ಜನಕ್ಕೆ ಹೇಳು. ಅವಳನ್ನು ಮಾತ್ರ ತಪ್ಪಿತಸ್ಥೆ ಮಾಡಬೇಡ” ಎಂದಳು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಆದುದರಿಂದ ಹೇಳುತ್ತೇನೆ. ಇಂದಿನ ಆಹಾರದ ಡಬ್ಬಗಳನ್ನು ಸಾಮಾನ್ಯವಾಗಿ ಸೀಸದಿಂದಲ್ಲ, ವಿದ್ಯುತ್ತಿನಿಂದ ಕೂಡಿಸುತ್ತಾರೆ. ಕೆಲವಕ್ಕೆ ಪಕ್ಕದಲ್ಲಿ ಕೂಡುಗೆರೆಯೇ ಇಲ್ಲ. ಅಂಥವುಗಳಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆಯಲು ಅಂಜಬೇಕಾಗಿಲ್ಲ. ತುಕ್ಕಿನಿಂದ ಗಿಡಕ್ಕೆ ಕೇಡಿಲ್ಲ. ಆದರೆ ಅಜ್ಜಿಯ ಕಾಲದ, ಕೂಡುಗೆರೆಯ ಮೇಲೆ ದಪ್ಪಗೆ ಬೂದುಬಣ್ಣದ ಬೆಸುಗೆ ಕಾಣುವ ಡಬ್ಬ, ಹಳೆಯ ಬಣ್ಣ ಸಿಪ್ಪೆಯೇಳುವ ಡಬ್ಬ, ಔಷಧಿ ರಾಸಾಯನಿಕಗಳಿದ್ದ ಡಬ್ಬ ಇವುಗಳಲ್ಲಿ ತಿನ್ನುವುದನ್ನು ಬೆಳೆಯಬಾರದು. ದಾಸವಾಳ, ಸೇವಂತಿಗೆ ಇಡಬಹುದು. ತುಳಸಿಯನ್ನು ಇಡಬಾರದು, ಅದರ ದಳ ತೀರ್ಥದೊಡನೆ ಬಾಯಿಗೆ ಹೋಗುತ್ತದೆ.

ಹಳೆಯ ಸೀಮೆಎಣ್ಣೆ ಡಬ್ಬ ಇಂದು ನಮ್ಮ ನಗರಗಳಲ್ಲಿ ಕಾಣುವುದಿಲ್ಲ. ಬರ್ಮಾ-ಷೆಲ್ ಕಂಪನಿಯೇ ೧೯೭೬ರಲ್ಲಿ ರಾಷ್ಟ್ರೀಕರಣವಾಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಆದರೆ ಡಬ್ಬದ ವಂಶ ಅಳಿದಿಲ್ಲ. ಹೋಟೆಲುಗಳ ಹಿಂಬಾಗಿಲಲ್ಲಿ ೧೫ ಕಿಲೋ ಅಡಿಗೆ ಎಣ್ಣೆಯ ಚೌಕದ ಡಬ್ಬ ಬಿದ್ದಿರುತ್ತದೆ. ಅದು ಇದರ ಮೊಮ್ಮಗ. ಜಪಾನಿನಲ್ಲಿ ೧೮ ಲೀಟರಿನ ಅದೇ ಚೌಕದ ಡಬ್ಬ ‘ಇಟ್ಟೊಕಾನ್’ ಎಂಬ ಹೆಸರಿನಿಂದ ಇನ್ನೂ ಬಳಕೆಯಲ್ಲಿದೆ.

ಮೊನ್ನೆ ಬೀದಿಯ ಹೋಟೆಲಿನವರಿಂದ ಅಂಥ ಎರಡು ಡಬ್ಬ ಕೇಳಿ ತಂದೆ. ಕೂಡುಗೆರೆಯನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದೆ. ಬೆಸುಗೆ ಇರಲಿಲ್ಲ. ಅಂಚು ಮಡಿಸಿ, ಒಂಬತ್ತು ತೂತು ಹೊಡೆದು, ಹೆಂಚಿನ ಚೂರು ಹಾಕಿ ದಂಟಿನ ಬೀಜ ಚೆಲ್ಲಿದ್ದೇನೆ. ನಾವೀಗ ಇರುವುದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿ. ಬಾಲ್ಕನಿಯಲ್ಲಿ ನೀರು ಸೋರುತ್ತಿದೆಯೆಂದು ಕೆಳಗಿನ ಮನೆಯವರು ನಿನ್ನೆ ಬಂದು ಹೇಳಿ ಹೋದರು. ಇಟ್ಟಿಗೆಯ ಕೆಳಗೆ ಒಂದು ಹಳೆಯ ತಟ್ಟೆ ಇಟ್ಟಿದ್ದೇನೆ. ಸೊಪ್ಪು ಬಂದಾಗ ಮೊದಲ ಕಟ್ಟನ್ನು ಅವರಿಗೇ ಕೊಡಬೇಕೆಂದಿದ್ದೇನೆ.